ಮೂರು ಜೋಡಿ ಬಡ್ಸ್

ರೂಪಾಲಿಗೆ ಕೆಲಸ ಸಿಕ್ಕಿದ್ದು ಅವಳಿಗೆ ಬರುತ್ತಿದ್ದ ಮೂರು ಭಾಷೆಗಳಿಂದ. ಹುಬ್ಬಳ್ಳಿಯ ಪಂಪ್‌ಸೆಟ್ ಕಂಪನಿಯೊಂದು ಗಿರಾಕಿಗಳ ದೂರು ಕೇಳಲು, ಮನೆಯಲ್ಲೇ ಕೂತು ಫೋನಿನಲ್ಲಿ ಮಾತಾಡುವವರನ್ನು ಹುಡುಕುತ್ತಿತ್ತು. ರೂಪಾಲಿ ಜೋಯಿಡಾ ಕಡೆಯವಳು. ಮನೆಮಾತು ಕೊಂಕಣಿ, ಓದಿದ್ದು ಕನ್ನಡ, ಹಳಿಯಾಳದ ಹಾಸ್ಟೆಲಿನಲ್ಲಿ ಗೆಳತಿಯರಿಂದ ಕಲಿತದ್ದು ಮರಾಠಿ. ಸೂಪರ್‌ವೈಸರ್ ಪುಂಡಲೀಕ ಫೋನಿನಲ್ಲೇ ಸಂದರ್ಶನ ಮಾಡಿ, ಮೂರೂ ಭಾಷೆಯಲ್ಲಿ ನಾಲ್ಕು ಮಾತಾಡಿಸಿ, ನೀವು ನಮಗೆ ಬೇಕಾದವರೇ ಎಂದಿದ್ದ. ಆದರೆ ಮಾತು ಮುಗಿಸುವ ಮೊದಲು ಒಂದು ಪ್ರಶ್ನೆ ಕೇಳಿದ. ಹಿಂದೆ ಅದೇನು ಸದ್ದು?

ಅದು ಮನೆ ಮಾಲೀಕ ಅಬ್ದುಲ್ ರಜಾಕ ಚಾಚಾನ ಗ್ಯಾರೇಜಿನ ಕಂಪ್ರೆಸರ್ ಸದ್ದು. ದಾಂಡೇಲಿಯ ಆ ಮನೆಯಲ್ಲಿ ಕೆಳಗೆ ಗ್ಯಾರೇಜು, ಅದರ ಹಿಂದೆ ಚಾಚಾ ಮತ್ತು ಅವನ ಹೆಂಡತಿ ಸಿರಾಜುನ್ನಿಸಾ ಚಾಚಿ ಇರುವ ಮೂರು ಕೋಣೆ, ಮೇಲೆ ರೂಪಾಲಿ ಮತ್ತು ಅವಳ ಗಂಡ ಮಹಾಬಳೇಶ್ವರ ಬಾಡಿಗೆಗಿದ್ದ ಎರಡು ಕೋಣೆ. ಬೆಳಗ್ಗೆ ಒಂಬತ್ತಕ್ಕೆ ಶಟರ್ ಎತ್ತಿದರೆ ಸಂಜೆ ಏಳರತನಕ ಕಂಪ್ರೆಸರಿನ ಗುರ್ರೆನ್ನುವ ಸದ್ದು, ಸೈಲೆನ್ಸರ್ ಬಡಿಯುವ ಸದ್ದು, ರಿಪೇರಿಯಾದ ಬೈಕನ್ನು ನಿಂತಲ್ಲೇ ರೇಸ್ ಮಾಡಿ ನೋಡುವ ಸದ್ದು. ಮಹಾಬಳೇಶ್ವರ ಕಾಗದದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವನಾದ್ದರಿಂದ ಅವನಿಗೆ ಯಾವ ಸದ್ದೂ ಸದ್ದಲ್ಲ, ಮಲಗಿದರೆ ಮಲಗಿದಂತೆಯೇ. ರೂಪಾಲಿಗೂ ನಾಲ್ಕು ವರ್ಷದಲ್ಲಿ ರೂಢಿಯಾಗಿತ್ತು.

ಮನೆ ಬದಲಿಸಿದರಾಯಿತು ಎಂದು ಮಹಾಬಳೇಶ್ವರ ಹೇಳಿದ. ರೂಪಾಲಿ ಒಪ್ಪಲಿಲ್ಲ. ಎರಡು ವರ್ಷದ ಹಿಂದೆ ಅವಳಿಗೆ ಕಾಮಾಲೆಯಾಗಿ ತಿಂಗಳುಗಟ್ಟಲೆ ಮಲಗಿದ್ದಾಗ ಸಿರಾಜುನ್ನಿಸಾ ದಿನಕ್ಕೆ ಮೂರು ಸಲ ಮೆಟ್ಟಿಲು ಹತ್ತಿ ಬಂದು, ಎಣ್ಣೆ ಹಾಕದ ಗಂಜಿ ಮಾಡಿಕೊಟ್ಟು, ತಲೆ ಬಾಚಿ ಹೋಗುತ್ತಿದ್ದಳು. ಅಂಥ ಮನೆಯನ್ನು ಒಂದು ಕಂಪ್ರೆಸರಿನ ಸಲುವಾಗಿ ಬಿಡುವುದು ಅವಳಿಗೆ ಸರಿಕಾಣಲಿಲ್ಲ.

ಹದಿನೈದು ದಿನ ತರಬೇತಿ, ಕೊನೆಗೊಂದು ದನಿ ಪರೀಕ್ಷೆ ಎಂದು ಪುಂಡಲೀಕ ತಿಳಿಸಿದ್ದ. ಹಿಂದಿನ ಸದ್ದು ಗಿರಾಕಿಗೆ ಕೇಳಬಾರದು, ಮಾತು ಸ್ಪಷ್ಟವಾಗಿರಬೇಕು. ಕಿವಿಗೆ ಹಾಕುವ ಒಳ್ಳೆಯ ಬಡ್ಸ್ ತಗೊಳ್ಳಿ ಎಂದಿದ್ದ, ಯಾವುದು ಎಂದು ಹೇಳಿರಲಿಲ್ಲ. ರೂಪಾಲಿಯ ಫೋನಿಗೆ ವಾಯರ್ ಚುಚ್ಚುವ ತೂತೇ ಇಲ್ಲ. ವಾಯರಿಲ್ಲದ್ದೇ ಬೇಕು, ಸುತ್ತಲ ಸದ್ದು ಅಳಿಸುವ ನಾಯ್ಸ್ ಕ್ಯಾನ್ಸಲ್ ಇರುವಂಥದ್ದೇ ಬೇಕು, ಎರಡು ಸಾವಿರದ ಒಳಗೇ ಬೇಕು.

ಇದನ್ನು ಕೇಳಿ ಸಿರಾಜುನ್ನಿಸಾ ಆ ಕೆಲಸ ತನ್ನದೆಂದೇ ಎದ್ದು ಕೂತಳು.

ಅವಳು ಅರವತ್ತನಾಲ್ಕರ ಹೆಂಗಸು. ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿದವಳು. ಟ್ರಂಕ್ ಕಾಲ್ ಬುಕ್ ಮಾಡಿ ತಾಸುಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಕಿವಿಗೆ ಹೆಡ್‌ಸೆಟ್ ಹಾಕಿ, ತಂತಿಗಳನ್ನು ಕಿತ್ತು ಚುಚ್ಚಿ, ಒಬ್ಬರ ದನಿಯನ್ನು ಇನ್ನೊಬ್ಬರಿಗೆ ಮುಟ್ಟಿಸಿದವಳು. ಆಮೇಲೆ ಯಂತ್ರ ಬಂದು ಆ ಬೋರ್ಡು ಹೋಯಿತು, ಅವಳನ್ನು ಬಿಲ್ ಕೌಂಟರಿಗೆ ಕೂರಿಸಿದರು, ಅಲ್ಲಿಂದಲೇ ನಿವೃತ್ತಳಾದಳು. ಆದರೆ ಅವಳ ಲೆಕ್ಕದಲ್ಲಿ ಅವಳು ಎಂದಿಗೂ ಆಪರೇಟರೇ. ಎಷ್ಟೇ ಕೆಟ್ಟ ಲೈನಿನಲ್ಲೂ ಹಾನಗಲ್ಲ ಕೇಳಿದವರಿಗೆ ತಾನು ಹಳಿಯಾಳ ಕೊಟ್ಟವಳಲ್ಲ ಎಂಬುದು ಅವಳ ಹೆಮ್ಮೆ. ಕೆಮ್ಮು ಕೇಳಿಯೇ ಯಾರ ಫೋನೆಂದು ಹೇಳುತ್ತಿದ್ದಳಂತೆ.

ಮಾರ್ಕೆಟಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ತೌಸೀಫ ಚಾಚಾನ ತಮ್ಮನ ಮಗ. ಚಾಚಿ ರೂಪಾಲಿಯನ್ನು ಕರೆದುಕೊಂಡು ಹೋಗಿ, ಒಂದೊಂದು ಜೋಡಿಯನ್ನು ಎರಡೆರಡು ದಿನ ಇಟ್ಟು ನೋಡುತ್ತೇವೆ, ಬೇಡವಾದರೆ ವಾಪಸು ತಗೋಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದಳು. ಬೇರೆಯವರಾಗಿದ್ದರೆ ತೌಸೀಫ ಕೈಮುಗಿದು ಕಳಿಸುತ್ತಿದ್ದ. ದೊಡ್ಡಮ್ಮನಿಗೆ ಇಲ್ಲವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಕಿವಿಯೊಳಗೆ ಹೋಗುವ ರಬ್ಬರ್ ತುದಿ ಮಾತ್ರ ಬೇರೆ ಹಾಕಿಕೊಂಡು ನೋಡಿರಿ ಎಂದು ಒಂದು ಹಿಡಿ ರಬ್ಬರ್ ತುದಿ ಕೊಟ್ಟ.

ಮೊದಲ ಜೋಡಿ ಕಪ್ಪು ಬಣ್ಣದ್ದು. ಡಬ್ಬಿಯ ಮೇಲೆ ದೊಡ್ಡ ಅಂಕಿಯಲ್ಲಿ ಇಷ್ಟು ಡೆಸಿಬಲ್ ಸದ್ದು ಅಳಿಸುತ್ತದೆ ಎಂದು ಬರೆದಿತ್ತು. ರೂಪಾಲಿ ಮೇಲಿನ ಕೋಣೆಯಲ್ಲಿ ಕೂತು ಅದನ್ನು ಹಾಕಿಕೊಂಡು ಗುಂಡಿ ಒತ್ತಿದಾಗ, ಕೆಳಗೆ ಓಡುತ್ತಿದ್ದ ಕಂಪ್ರೆಸರ್ ಇದ್ದಕ್ಕಿದ್ದಂತೆ ಎಲ್ಲೋ ದೂರ ಹೊರಟುಹೋಯಿತು. ತಲೆಯ ಮೇಲಿನ ಫ್ಯಾನು ತಿರುಗುತ್ತಿತ್ತು, ಸದ್ದಿರಲಿಲ್ಲ. ಬಡಿಯುವ ಸದ್ದು ಮಾತ್ರ ಟಕ್ ಟಕ್ ಎಂದು ಬರುತ್ತಲೇ ಇತ್ತು. ಒಂದೇ ಸಮ ಗುಂಯ್‌ಗುಡುವುದನ್ನು ಇದು ಅಳಿಸುತ್ತದೆ, ತಟ್ಟನೆ ಬರುವ ಹೊಡೆತವನ್ನು ಅಳಿಸುವುದಿಲ್ಲ ಎಂಬುದು ಅವಳಿಗೆ ಅಲ್ಲೇ ತಿಳಿಯಿತು. ಆದರೂ ಅಷ್ಟು ಸಾಕೆನ್ನಿಸಿ ಖುಷಿಯಿಂದ ಕೆಳಗೋಡಿದಳು.

ಚಾಚಿ ಒಪ್ಪಲಿಲ್ಲ. ನಿನಗೆ ಏನು ಕೇಳುತ್ತದೆ ಎನ್ನುವುದಲ್ಲ, ಗಿರಾಕಿಗೆ ಏನು ಕೇಳುತ್ತದೆ ಎನ್ನುವುದು ಮುಖ್ಯ ಎಂದಳು.

"ಕಿವೀ ಲೈನ್ ಬ್ಯಾರೆ, ಬಾಯೀ ಲೈನ್ ಬ್ಯಾರೆ, ರೂಪಾ. ನಿನ್ನ ಕಿವೀ ಶಾಂತ ಆತು ಅಂದ್ರ ಅವ್ರ ಕಿವೀ ಶಾಂತ ಆತು ಅಂತಲ್ಲ."

ಪರೀಕ್ಷೆಯ ವ್ಯವಸ್ಥೆಯನ್ನೂ ಅವಳೇ ಮಾಡಿದಳು. ಹಿಂದಿನ ಬೀದಿಯ ಉರ್ದು ಶಾಲೆಗೆ ರಜೆ ಇತ್ತು. ಅಲ್ಲಿ ಮರದ ಕಟ್ಟೆಯ ಮೇಲೆ ತಾನು ಫೋನ್ ಹಿಡಿದು ಕೂರುವುದು, ರೂಪಾಲಿ ಮನೆಯಿಂದ ಮಾತಾಡುವುದು, ಅಷ್ಟು ಹೊತ್ತೂ ಅಬ್ದುಲ್ ರಜಾಕ ಗ್ಯಾರೇಜಿನಲ್ಲಿ ಸದ್ದು ಮಾಡುವುದು. ಹೊರಡುವಾಗ ಗಂಡನಿಗೆ ಹತ್ತು ನಿಮಿಷ ನಿಲ್ಲಿಸದೆ ಬಡಿಯಲು ಹೇಳಿದಳು. ಅವನ ಕೈಯಲ್ಲಿ ಆಗ ಬಡಿಯುವ ಕೆಲಸವಿರಲಿಲ್ಲ. ಒಂದು ಹಳೆಯ ಮಡ್ಗಾರ್ಡ್ ಎತ್ತಿಕೊಂಡು, ಗಡಿಯಾರ ನೋಡುತ್ತ, ನಟ್ಟು ಬಿಚ್ಚುವ ಪಾನಾದಿಂದ ಹತ್ತು ನಿಮಿಷ ಬಡಿದ. ಪಂಕ್ಚರ್ ಹಾಕಿಸಲು ಬಂದವರೊಬ್ಬರು ಏನಾಯಿತೆಂದು ಕೇಳಿದ್ದಕ್ಕೆ, ಮನೆಯವಳು ಹೇಳಿದ್ದಾಳೆ ಎಂದನಂತೆ.

ಓದಬೇಕಾದ ಮಾತುಗಳನ್ನು ಚಾಚಿ ಬರೆದು ಕೊಟ್ಟಿದ್ದಳು. ಕೆಟ್ಟ ಲೈನಿನಲ್ಲಿ ಒಂದಕ್ಕೊಂದು ಬೆರೆಯುವ ಮಾತುಗಳೇ ಎಲ್ಲ. ಮೂರು, ನೂರು, ಆರು. ಎಪ್ಪತ್ತು, ಇಪ್ಪತ್ತು. ಹಾನಗಲ್ಲ, ಹಳಿಯಾಳ. ರೂಪಾಲಿ ಅವನ್ನು ಹಿಂದೆ ಮುಂದೆ ಮಾಡಿ ಓದಿದಳು, ಚಾಚಿ ಕೇಳಿದ್ದನ್ನು ಬರೆದುಕೊಂಡು ಬಂದಳು. ಮಾತೆಲ್ಲ ಸರಿಯಾಗಿತ್ತು. ಆದರೆ ಕಂಪ್ರೆಸರ್, ಮಡ್ಗಾರ್ಡ್, ಬೀದಿಯಲ್ಲಿ ಹೋದ ಗ್ಯಾಸ್ ಗಾಡಿಯ ಹಾಡು, ಎಲ್ಲವೂ ಮಾತಿನ ಜೊತೆಗೇ ಬಂದಿತ್ತು. ಕಪ್ಪು ಜೋಡಿ ವಾಪಸು ಹೋಯಿತು.

ಎರಡನೆಯದು ಬಿಳಿ ಜೋಡಿ. ಕೆಳಗೆ ಉದ್ದನೆಯ ಕಡ್ಡಿ, ಅದರಲ್ಲಿ ಎರಡೆರಡು ಮೈಕು ಎಂದು ತೌಸೀಫ ತೋರಿಸಿದ. ಅದನ್ನು ತಂದ ದಿನ ಚಾಚಿ ಕಟ್ಟೆಯಿಂದ ಬರುವಾಗಲೇ ನಗುತ್ತ ಬಂದಳು. ಮಡ್ಗಾರ್ಡಿನ ಸದ್ದು ಬೂದಿಯಲ್ಲಿ ಹುಗಿದಂತಿದೆ, ನಿನ್ನ ಮಾತು ಮಾತ್ರ ತೊಳೆದಿಟ್ಟಂತೆ ಬರುತ್ತಿದೆ ಎಂದಳು. ಇನ್ನೊಂದು ದಿನ ನೋಡಿಯೇ ಹಣ ಕೊಡೋಣ ಎಂದಳು.

ಆ ಸಂಜೆ ವಡೆ ಕರಿಯುವಾಗ ಅವಳ ಎಡಗೈ ಮೇಲೆ ಎಣ್ಣೆ ಸಿಡಿಯಿತು. ಬೊಬ್ಬೆ ಎದ್ದು, ಅಂಗೈಯಿಂದ ಮಣಿಕಟ್ಟಿನತನಕ ಬಟ್ಟೆ ಸುತ್ತಬೇಕಾಯಿತು. ಆದರೂ ಮರುದಿನ ಕಟ್ಟೆಗೆ ಹೋದಳು. ಹಿಂತಿರುಗಿ ಬಂದಾಗ ಮುಖ ಗಂಟಿಕ್ಕಿತ್ತು. ಇಂದು ದನಿ ಕೊಡದೊಳಗಿಂದ ಬಂದ ಹಾಗಿದೆ ಎಂದಳು. ಮಾತಿಗೊಮ್ಮೆ ಫೋನು ಕೆಳಗಿಟ್ಟು ಬರೆದುಕೊಂಡ ಚೀಟಿಯಲ್ಲಿ ಮೂರು ನೂರಾಗಿತ್ತು, ಎಪ್ಪತ್ತು ಇಪ್ಪತ್ತಾಗಿತ್ತು. ಒಂದು ದಿನ ಒಂದು ಥರ, ಮರುದಿನ ಇನ್ನೊಂದು ಥರ ನಡೆಯುವ ಸಾಮಾನನ್ನು ನಂಬಬಾರದು ಎಂದು ತೀರ್ಮಾನ ಕೊಟ್ಟಳು. ರೂಪಾಲಿಗೂ ಅದು ಸರಿ ಅನ್ನಿಸಿತು. ಬಿಳಿ ಜೋಡಿಯೂ ವಾಪಸು ಹೋಯಿತು.

ಮೂರನೆಯದು ನೀಲಿ. ಎಲ್ಲಕ್ಕಿಂತ ತುಟ್ಟಿ, ಸಾವಿರದೊಂಬೈನೂರು ಚಿಲ್ಲರೆ. ಅದರಲ್ಲಿ ದನಿ ಜೋರಾಗಿ ಹೋಗುತ್ತದೆ ಎಂದು ತೌಸೀಫ ಹೇಳಿದ್ದ. ಚಾಚಿ ಕಟ್ಟೆಯಿಂದ ಬಂದು, ಇದನ್ನೇ ತಗೋ, ಇದು ಚೆನ್ನಾಗಿ ಮುಟ್ಟುತ್ತದೆ ಎಂದಳು. ಚೀಟಿಯಲ್ಲಿ ತಪ್ಪೂ ಕಡಿಮೆ ಇತ್ತು. ರೂಪಾಲಿ ಹಣ ಕೊಟ್ಟು ತಂದುಕೊಂಡಳು, ಡಬ್ಬಿಯ ಮೇಲಿನ ಪ್ಲಾಸ್ಟಿಕ್ ಹರಿದು ಬಿಸಾಕಿದಳು.

ಶುಕ್ರವಾರ ದನಿ ಪರೀಕ್ಷೆಯಾಯಿತು. ಅದಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಪುಂಡಲೀಕ ಒಳ್ಳೆಯ ಮನುಷ್ಯ, ಸಿಟ್ಟು ಮಾಡದೆ ಹೇಳಿದ. ಹಿಂದಿನ ಸದ್ದು ಕಡಿಮೆ ಇದೆ, ಆದರೆ ಪ್ರತಿ ಮಾತಿನ ತುದಿ ಕತ್ತರಿಸಿ ಹೋಗುತ್ತಿದೆ. ಮೋಟಾರು ಎಂದದ್ದು ಮೋಟಾ ಎಂದು ಕೇಳುತ್ತದೆ, ಬಂತು ಎಂದದ್ದೂ ಬಂದ್ ಎಂದದ್ದೂ ಒಂದೇ ಆಗುತ್ತದೆ. ಸೋಮವಾರ ಇನ್ನೊಂದು ಅವಕಾಶ ಕೊಡುತ್ತೇನೆ, ಅದರಲ್ಲೂ ಹೀಗೇ ಆದರೆ ನಾನೇನೂ ಮಾಡಲಾಗದು ಎಂದ.

ರೂಪಾಲಿಗೆ ಏನೂ ತಿಳಿಯಲಿಲ್ಲ. ಮಹಾಬಳೇಶ್ವರ ಬೆಳಗಿನ ಶಿಫ್ಟ್ ಮುಗಿಸಿ ಬಂದಾಗ ಅವನನ್ನು ಬೀದಿಯ ಕೊನೆಗೆ ಕಳಿಸಿ ಫೋನು ಮಾಡಿದಳು. ಅವನೂ ಅದನ್ನೇ ಹೇಳಿದ. ವಾಯರು ಸಡಿಲಾದ ರೇಡಿಯೋದ ಹಾಗೆ ನಿನ್ನ ದನಿ ಜೋರಾಗಿ ಬಂದು ತುಂಡಾಗುತ್ತಿದೆ ಎಂದ. ಇಬ್ಬರಿಗೆ ಕೆಟ್ಟದಾಗಿ ಕೇಳಿದ್ದು ಚಾಚಿಗೆ ಮಾತ್ರ ಚೆನ್ನಾಗಿ ಕೇಳಿದ್ದು ಹೇಗೆ? ಚಾಚಿಯ ಕಿವಿ ಎಂದರೆ ಎಕ್ಸ್‌ಚೇಂಜಿನ ಕಿವಿ. ಅದರ ಮೇಲೆ ಅನುಮಾನ ಪಡಬಹುದೆಂದೇ ರೂಪಾಲಿಗೆ ಹೊಳೆಯಲಿಲ್ಲ.

ಸಂಜೆ ಕೆಳಗಿಳಿದಳು. ಚಾಚಿ ಹಿತ್ತಲ ಮೆಟ್ಟಿಲ ಮೇಲೆ ಎಡಕ್ಕೆ ಗೋಡೆಗೊರಗಿ ಕೂತು, ಸುಟ್ಟ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಿಂದ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ರೂಪಾಲಿ ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ಸೊಪ್ಪು ಎತ್ತಿಕೊಂಡಳು. ಗ್ಯಾರೇಜಿನಲ್ಲಿ ಬೈಕೊಂದು ಓಡುತ್ತಿತ್ತು. ಎರಡು ಕಡ್ಡಿ ಬಿಡಿಸಿ, ತಲೆ ತಗ್ಗಿಸಿಕೊಂಡೇ ಮೆಲ್ಲಗೆ ಹೇಳಿದಳು.

"ಚಾಚಿ, ನಾ ಫೇಲ್ ಆದ್ನಿರಿ. ಕೆಲಸ ಹೋಗತೈತಿ ಅಂತ ಕಾಣಸ್ತೈತಿ."

ಚಾಚಿ ಅವಳತ್ತ ತಿರುಗಿ, ಮುಖ ಅರಳಿಸಿ ನಕ್ಕಳು.

"ಚಲೋ ಆತು ನೋಡು," ಎಂದಳು. "ನನಗ ಗೊತ್ತಿತ್ತು."

ರೂಪಾಲಿಯ ಕೈಯಲ್ಲಿದ್ದ ಸೊಪ್ಪು ಅಲ್ಲೇ ಉಳಿಯಿತು. ಒಂದು ಕ್ಷಣ ಅವಳಿಗೆ ಅಳು ಬಂದಂತಾಯಿತು, ಮರುಕ್ಷಣ ಎಲ್ಲ ತಿಳಿಯಿತು. ಅವಳು ಕೂತಿದ್ದುದು ಚಾಚಿಯ ಬಲಕ್ಕೆ, ಫೇಲ್ ಎಂದದ್ದು ಆ ಕಿವಿಯಲ್ಲಿ ಪಾಸ್ ಆಗಿತ್ತು. ಎಡಗೈ ಸುಟ್ಟ ದಿನದಿಂದ ಚಾಚಿ ಫೋನು ಹಿಡಿದದ್ದು ಬಲಗೈಯಲ್ಲಿ, ಇಟ್ಟುಕೊಂಡದ್ದು ಬಲಗಿವಿಗೆ. ಬಿಳಿ ಜೋಡಿ ಕೆಟ್ಟಂತೆ ಕೇಳಿದ್ದೂ ಅದರ ಮರುದಿನವೇ. ಜೋರಾಗಿ ಬಡಬಡಿಸುವ ನೀಲಿ ಜೋಡಿ ಮಾತ್ರ ಆ ಕಿವಿಗೆ ಮುಟ್ಟಿತ್ತು.

ಅವಳು ಸೊಪ್ಪು ಬಿಡಿಸಿಕೊಟ್ಟು ಎದ್ದಳು. ಗ್ಯಾರೇಜಿಗೆ ಹೋಗಿ, ಚಾಚಾ ಬೈಕಿನ ಎಂಜಿನ್ ಬಂದ್ ಮಾಡುವವರೆಗೆ ನಿಂತಿದ್ದು, ಚಾಚಿಗೆ ಬಲಗಿವಿ ಕೇಳುವುದಿಲ್ಲವೇ ಎಂದು ಕೇಳಿದಳು.

ಅಬ್ದುಲ್ ರಜಾಕ ಕೈಯನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದ. ಕೈ ಸ್ವಚ್ಛವಾದ ಮೇಲೂ ಒರೆಸಿದ. ಎರಡು ವರ್ಷವಾಯಿತು ಎಂದ. ಮೊದಮೊದಲು ಟಿವಿ ಸದ್ದು ಹೆಚ್ಚಿಸುತ್ತಿದ್ದಳು, ಆಮೇಲೆ ಕರೆದರೆ ತಿರುಗುತ್ತಿರಲಿಲ್ಲ. ಒಮ್ಮೆ ಕೇಳಿದ್ದಕ್ಕೆ, ನಿಮ್ಮ ಗ್ಯಾರೇಜಿನಿಂದ ನಿಮ್ಮ ಕಿವಿಯೇ ಮಂದವಾಗಿದೆ ಎಂದು ಬೈದಿದ್ದಳಂತೆ. ಅಂದಿನಿಂದ ಅವನು ಆ ಮಾತು ಎತ್ತಿಲ್ಲ. ಊಟಕ್ಕೆ ಕೂರುವಾಗ, ಮಾರ್ಕೆಟಿಗೆ ನಡೆಯುವಾಗ, ಮಲಗುವಾಗ, ಅವಳ ಎಡಕ್ಕೇ ಇರುತ್ತಾನೆ. ಸ್ಕೂಟರಿನ ಮೇಲೆ ಮಾತ್ರ ಉಪಾಯವಿಲ್ಲ, ಅಲ್ಲಿ ಮಾತೇ ಆಡುವುದಿಲ್ಲ.

"ನೀ ಏನೂ ಅನಬ್ಯಾಡ ಬೇಟಿ," ಎಂದ. "ಆ ಕಿವೀ ಮ್ಯಾಲ ಆಕಿ ಭಾಳ ಜೀವಾ ಇಟ್ಟಾಳ."

ರೂಪಾಲಿ ಆ ರಾತ್ರಿ ಗಂಡನೊಂದಿಗೆ ಮಾತಾಡಿದಳು. ಚಾಚಿಗೆ ತಿಳಿಯದಂತೆ ಬಿಳಿ ಜೋಡಿ ತಂದು ಪರೀಕ್ಷೆ ಕೊಟ್ಟುಬಿಡು ಎಂದು ಅವನು ಹೇಳಿದ. ಅದು ಸುಲಭವಾಗಿತ್ತು. ಆದರೆ ತನ್ನ ಸಲುವಾಗಿ ಸುಟ್ಟ ಕೈಯಲ್ಲಿ ಕಟ್ಟೆಗೆ ಹೋಗಿ ಕೂತವಳಿಂದ ಮುಚ್ಚಿಟ್ಟು ಮಾಡುವುದು ರೂಪಾಲಿಗೆ ಬೇಡವಾಯಿತು. ಶನಿವಾರ ಬೆಳಗ್ಗೆ ನೀಲಿ ಜೋಡಿ ಹಿಡಿದು ಕೆಳಗೆ ಹೋಗಿ, ಪರೀಕ್ಷೆಯಲ್ಲಿ ಸರಿಹೋಗಲಿಲ್ಲ, ಇನ್ನೊಮ್ಮೆ ನೋಡೋಣ ಎಂದು ಎದುರಿಗೆ ನಿಂತು ಹೇಳಿದಳು. ಚಾಚಿಗೆ ಆಗಲೇ ಗಾಬರಿಯಾಯಿತು. ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತ ಚಪ್ಪಲಿ ಹುಡುಕಿದಳು. ರೂಪಾಲಿ ಚಪ್ಪಲಿ ಎತ್ತಿ ಅವಳ ಕಾಲ ಬಳಿ ಇಟ್ಟಳು.

"ಈ ಸಲ ಎಡಗಿವೀಗೆ ಹಿಡ್ಕೊಂಡು ಕೇಳ್ರಿ ಚಾಚಿ," ಎಂದಳು.

ಚಾಚಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದವಳು ಹಾಗೇ ನಿಂತಳು. ರೂಪಾಲಿಯ ಮುಖ ನೋಡಿದಳು, ಗ್ಯಾರೇಜಿನ ಬಾಗಿಲಲ್ಲಿದ್ದ ಗಂಡನ ಮುಖ ನೋಡಿದಳು. ಕೈ ನೋಯುತ್ತಿದೆ, ಇವತ್ತು ಆಗುವುದಿಲ್ಲ ಎಂದು ಒಳಗೆ ಹೋದಳು.

ಆ ದಿನ ಅವಳು ಮೇಲೆ ಬರಲಿಲ್ಲ. ರೂಪಾಲಿ ಎರಡು ಸಲ ಕೆಳಗೆ ಹೋದಾಗ ಎರಡು ಸಲವೂ ನಮಾಜಿನ ಕೋಣೆಯ ಬಾಗಿಲು ಮುಚ್ಚಿತ್ತು. ರೂಪಾಲಿ ತಾನು ಮಾಡಿದ್ದು ತಪ್ಪಾಯಿತೆಂದು ಕೂತಳು. ಕೆಲಸ ಹೋದರೆ ಇನ್ನೊಂದು ಸಿಗಬಹುದು, ಇದು ಹೋದರೆ ಎಲ್ಲಿಂದ ತರುವುದು ಎಂದು ಗಂಡನಿಗೆ ಹೇಳಿದಳು. ಮಹಾಬಳೇಶ್ವರ ಹೆಚ್ಚು ಮಾತಿನವನಲ್ಲ. ಅವಳಿಗೆ ಚಹಾ ಮಾಡಿ ತಂದುಕೊಟ್ಟ.

ಭಾನುವಾರ ಮಧ್ಯಾಹ್ನ ಗ್ಯಾರೇಜಿಗೆ ರಜೆ. ಆದರೂ ಮೂರು ಗಂಟೆಗೆ ಕೆಳಗೆ ಮಡ್ಗಾರ್ಡ್ ಬಡಿಯುವ ಸದ್ದು ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಮುಕ್ಕಾಲು ತಾಸಾದ ಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಸಿರಾಜುನ್ನಿಸಾ ಬುರ್ಖಾ ಹಾಕಿಕೊಂಡೇ ಇದ್ದಳು, ಹೊರಗಿನಿಂದ ಬಂದವಳ ಹಾಗೆ. ಕೈಯಲ್ಲಿ ಬಿಳಿ ಜೋಡಿಯ ಡಬ್ಬಿ ಇತ್ತು.

ಅವಳು ಕೂರಲಿಲ್ಲ. ಬೆಳಗ್ಗೆ ತೌಸೀಫನ ಮನೆಗೇ ಹೋಗಿ ಅಂಗಡಿ ತೆಗೆಸಿ ಇದನ್ನು ತಂದೆ ಎಂದಳು. ಗಂಡನ ಕಿವಿಗೆ ಇದನ್ನು ಹಾಕಿಸಿ, ಕಟ್ಟೆಗೆ ಹೋಗಿ ಮೊದಲು ಬಲಗಿವಿಯಲ್ಲಿ, ಆಮೇಲೆ ಎಡಗಿವಿಯಲ್ಲಿ ಕೇಳಿದ್ದಳು. ಅಬ್ದುಲ್ ರಜಾಕ ಒಂದು ಕೈಯಲ್ಲಿ ಚೀಟಿ ಹಿಡಿದು ಓದುತ್ತ, ಇನ್ನೊಂದು ಕೈಯಲ್ಲಿ ಬಡಿಯುತ್ತ, ಎರಡೂ ಕೆಲಸ ಒಬ್ಬನೇ ಮಾಡಿದ್ದ. ಎರಡೂ ಕಿವಿಯ ಚೀಟಿಗಳನ್ನು ಅವಳು ರೂಪಾಲಿಯ ಮುಂದೆ ಇಟ್ಟಳು. ಒಂದರಲ್ಲಿ ಅರ್ಧಕ್ಕರ್ಧ ತಪ್ಪು, ಇನ್ನೊಂದರಲ್ಲಿ ಒಂದೂ ತಪ್ಪಿರಲಿಲ್ಲ.

"ಈ ಸಾಮಾನಿನದು ತಪ್ಪಿಲ್ಲ. ನನ್ನ ಕಿವೀದು ತಪ್ಪೈತಿ," ಎಂದಳು. "ಲೈನ್ ಸರಿ ಇದ್ದಾಗ ಕೆಟ್ಟೈತಿ ಅಂತ ನಾ ಹಿಂದ ಎಂದೂ ಬರದಿಲ್ಲ, ರೂಪಾ. ಇದೊಂದು ಬರದೆ. ಅದನ್ನ ತಿದ್ದಬೇಕಂತ ಬಂದೇನಿ."

ರೂಪಾಲಿ ಎದ್ದು ಅವಳ ಸುಟ್ಟ ಕೈಯನ್ನು ಹಿಡಿದುಕೊಂಡಳು, ನೋವಾಗದ ಹಾಗೆ, ಬೆರಳ ತುದಿಯಷ್ಟನ್ನೇ. ಚಾಚಿ ಅಷ್ಟು ಹೊತ್ತು ಆಪರೇಟರಿನ ಹಾಗೆ ನೆಟ್ಟಗೆ ನಿಂತಿದ್ದವಳು ಕುರ್ಚಿ ಎಳೆದುಕೊಂಡು ಕೂತಳು. ತನಗೆ ಗೊತ್ತಿತ್ತು ಎಂದಳು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇದ್ದೆ ಎಂದಳು. ಮೊದಲ ದಿನ ಎಲ್ಲ ಚೆನ್ನಾಗಿ ಕೇಳಿದಾಗ ಕಿವಿ ತಾನೇ ಸುಧಾರಿಸಿತೆಂದು ಸಂತೋಷಪಟ್ಟಿದ್ದಳಂತೆ, ಫೋನು ಎಡಕ್ಕಿತ್ತೆಂಬುದು ನೆನಪೇ ಆಗಿರಲಿಲ್ಲ.

ಸೋಮವಾರ ಹತ್ತೂವರೆಗೆ ಪುಂಡಲೀಕನ ಫೋನು ಬಂತು. ಕೆಳಗೆ ಕಂಪ್ರೆಸರ್ ಓಡುತ್ತಿತ್ತು. ಚಾಚಾ ನಿಲ್ಲಿಸುತ್ತೇನೆಂದಿದ್ದ, ರೂಪಾಲಿ ಬೇಡವೆಂದಿದ್ದಳು. ದಿನಾ ಇರುವ ಸದ್ದಿನಲ್ಲೇ ಪಾಸಾದರೆ ಪಾಸು. ಪುಂಡಲೀಕ ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಒಂದು ದೂರು ಹೇಳಿ ಬರೆಸಿದ. ಕೊಂಕಣಿ ಅವನಿಗೇ ಅಷ್ಟು ಬರುತ್ತಿರಲಿಲ್ಲ, ಅದನ್ನು ಬಿಟ್ಟ. ಕೊನೆಗೆ, ಮನೆ ಬದಲಾಯಿಸಿದಿರಾ ಎಂದು ಕೇಳಿದ. ಇಲ್ಲ ಎಂದಳು. ನಾಳೆಯಿಂದ ಲೈನಿಗೆ ಬನ್ನಿ ಎಂದ.

ನೀಲಿ ಜೋಡಿಯನ್ನು ತೌಸೀಫ ವಾಪಸು ತಗೊಳ್ಳಲಿಲ್ಲ, ಪ್ಲಾಸ್ಟಿಕ್ ಹರಿದಿತ್ತು. ಅದನ್ನು ಮಹಾಬಳೇಶ್ವರ ಇಟ್ಟುಕೊಂಡ. ಹಾಡು ಕೇಳಲು ಅದೇನೂ ಕೆಟ್ಟದ್ದಾಗಿರಲಿಲ್ಲ.

ಹದಿನೈದು ದಿನ ಬಿಟ್ಟು, ರೂಪಾಲಿಯ ವಾರದ ರಜೆಯ ದಿನ, ಇಬ್ಬರೂ ಬಸ್ಸಿನಲ್ಲಿ ಹುಬ್ಬಳ್ಳಿಗೆ ಕಿವಿಯ ಡಾಕ್ಟರಲ್ಲಿಗೆ ಹೋದರು. ಚಾಚಿಯನ್ನು ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಸೆಟ್ ಹಾಕಿದರು. ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಬೇಕು. ಹೊರಗೆ ಕೂತ ರೂಪಾಲಿಗೆ ಅವಳ ಬೆನ್ನಷ್ಟೇ ಕಾಣುತ್ತಿತ್ತು. ಕುತ್ತಿಗೆ ನೆಟ್ಟಗೆ, ಭುಜ ಹಿಂದಕ್ಕೆ, ಇಪ್ಪತ್ತೊಂದರ ವಯಸ್ಸಿನಲ್ಲಿ ಬೋರ್ಡಿನ ಮುಂದೆ ಹೀಗೇ ಕೂತಿರುತ್ತಿದ್ದಳೇನೋ ಅನ್ನಿಸಿತು.

ಚಿಕ್ಕಂದಿನಲ್ಲಿ ಆ ಕಿವಿ ಸೋರುತ್ತಿತ್ತೇ ಎಂದು ಡಾಕ್ಟರು ಕೇಳಿದರು. ಹೌದು, ಮಳೆಗಾಲ ಬಂದರೆ ಸೋರುತ್ತಿತ್ತು, ತಾಯಿ ಬೆಳ್ಳುಳ್ಳಿ ಎಣ್ಣೆ ಹಾಕುತ್ತಿದ್ದಳು ಎಂದಳು ಚಾಚಿ. ಅದರ ಹಳೆಯ ಕಲೆ ಇದೆ, ಈಗ ವಯಸ್ಸಿಗೆ ನರವೂ ಸೋತಿದೆ, ಮಷೀನು ಹಾಕಿಕೊಂಡರೆ ಬಹಳ ಮಟ್ಟಿಗೆ ಕೇಳುತ್ತದೆ ಎಂದರು. ಆಮೇಲೆ, ಫೋನಿನಲ್ಲಿ ಮಾತಾಡುವುದನ್ನು ತಪ್ಪಿಸುತ್ತೀರಾ ಎಂದು ಕೇಳಿದರು.

ಒಬ್ಬಳ ಫೋನು ಮಾತ್ರ ಎಂದಳು ಚಾಚಿ. ಮುಂಡಗೋಡದಲ್ಲಿರುವ ಅವಳ ತಂಗಿ ನಿಲೋಫರ. ಆಕೆಯದು ಹುಟ್ಟಿದಾಗಿನಿಂದ ಸಣ್ಣ ದನಿ, ಪಿಸುಗುಟ್ಟಿದ ಹಾಗೆ. ಎಲ್ಲರೂ ಫೋನಿನಲ್ಲಿ ಕೂಗಿ ಮಾತಾಡುತ್ತಾರೆ, ಎಡಗಿವಿಗೆ ಇಟ್ಟುಕೊಂಡರೆ ನಡೆದುಹೋಗುತ್ತದೆ. ನಿಲೋಫರಳ ಮಾತು ಮಾತ್ರ ಎಡಗಿವಿಗೂ ಪೂರ್ತಿ ಮುಟ್ಟುತ್ತಿರಲಿಲ್ಲ, ಅದಕ್ಕೂ ವಯಸ್ಸಾಗಿತ್ತು. ಏನೋ ಕೇಳಿದರೆ ಇನ್ನೇನೋ ಉತ್ತರ ಕೊಟ್ಟು ಒಂದೆರಡು ಸಲ ಆಕೆಗೆ ಬೇಜಾರಾಗಿತ್ತು. ಆಮೇಲೆ ಚಾಚಿ ಅವಳ ಫೋನು ಎತ್ತುವುದನ್ನೇ ಬಿಟ್ಟಿದ್ದಳು. ಆಕೆಯೂ ಮಾಡುವುದನ್ನು ಬಿಟ್ಟಳು. ವರ್ಷದ ಮೇಲಾಯಿತು. ಇದು ರೂಪಾಲಿಗೂ ಗೊತ್ತಿರಲಿಲ್ಲ, ಚಾಚಾನಿಗೂ ಗೊತ್ತಿರಲಿಲ್ಲ.

ಮಷೀನು ಕೈಗೆ ಬರಲು ಇನ್ನೂ ಎಂಟು ದಿನವಾಯಿತು. ಮೊದಲೆರಡನ್ನು ಚಾಚಿ ಬೇಡವೆಂದಳು, ಒಂದು ಸೀಟಿ ಹೊಡೆಯುತ್ತದೆ, ಇನ್ನೊಂದರಲ್ಲಿ ಎಲ್ಲರೂ ತಗಡಿನ ಡಬ್ಬಿಯಲ್ಲಿ ಮಾತಾಡಿದ ಹಾಗಿದೆ ಎಂದು. ಮೂರನೆಯದನ್ನು ಒಪ್ಪಿದಳು. ಮನೆಗೆ ಬಂದ ಮೇಲೆ ಪಾತ್ರೆ ತೊಳೆಯುವ ಸದ್ದಿಗೇ ತಲೆ ನೋಯುತ್ತದೆ ಎಂದು ದೂರಿದಳು, ಗಂಡ ಇಷ್ಟು ಸದ್ದು ಮಾಡಿ ಚಹಾ ಕುಡಿಯುತ್ತಾನೆಂದು ಮರೆತೇ ಹೋಗಿತ್ತು ಎಂದಳು. ಆದರೂ ತೆಗೆದಿಡಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ರೂಪಾಲಿಯ ಊಟದ ವಿರಾಮದಲ್ಲಿ ಮೇಲೆ ಬಂದಳು. ತಂಗಿಯ ನಂಬರು ಒತ್ತಿಕೊಡು ಎಂದು ಫೋನು ಚಾಚಿದಳು. ನಂಬರು ಅವಳಿಗೇ ಬಾಯಿಪಾಠವಿತ್ತು, ಒತ್ತಲು ಬರುತ್ತಿತ್ತು. ರೂಪಾಲಿ ಅವಳು ಹೇಳಿದ ಹಾಗೆ ಒತ್ತಿಕೊಟ್ಟು, ಅಡುಗೆಮನೆಗೆ ಹೋಗಿ ತಾಟು ಬಡಿಸಿಕೊಂಡಳು.

ಆ ಕಡೆಯಿಂದ ಏನು ಬಂತೋ ಅವಳಿಗೆ ಕೇಳಲಿಲ್ಲ. ಚಾಚಿ ಉರ್ದುವಿನಲ್ಲಿ, ನಾನು, ಸಿರಾಜ ಎಂದಳು. ಬಹಳ ಹೊತ್ತು ಬರೀ ಹೂಂ ಹೂಂ ಎನ್ನುತ್ತಿದ್ದಳು. ಆಕೆ ಬೈಯುತ್ತಿರಬೇಕು. ಸಿಟ್ಟಲ್ಲ, ಕಿವಿ ಕೇಳುತ್ತಿರಲಿಲ್ಲ, ಹೇಳಲು ನಾಚಿಕೆಯಾಯಿತು ಎಂದು ಚಾಚಿ ಮಧ್ಯೆ ಒಮ್ಮೆ ಹೇಳಿದಳು. ಮತ್ತೆ ಹೂಂ ಹೂಂ. ಅನ್ನ ಕಲಸಿಕೊಂಡು ರೂಪಾಲಿ ಬಾಗಿಲಿಗೆ ಬಂದು ನೋಡಿದಾಗ ಚಾಚಿ ಕಿಟಕಿಯ ಪಕ್ಕ ಕೂತು, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಕಣ್ಣಿನ ಕೊನೆಯಿಂದ ನೀರು ಇಳಿದಿತ್ತು. ಒರೆಸಿಕೊಂಡಿರಲಿಲ್ಲ.

ವಿರಾಮ ಮುಗಿದು ರೂಪಾಲಿ ಬಡ್ಸ್ ಹಾಕಿಕೊಂಡು ಮುಂದಿನ ಕೋಣೆಯಲ್ಲಿ ಲೈನಿಗೆ ಕೂತಳು. ಗಣೇಶಗುಡಿ ಕಡೆಯ ಅಜ್ಜಿಯೊಬ್ಬಳು ಕೊಂಕಣಿಯಲ್ಲಿ, ಪಂಪು ಓಡುತ್ತದೆ ನೀರು ಬರುವುದಿಲ್ಲ ಎಂದು ಶುರುಮಾಡಿದಳು. ರೂಪಾಲಿ ಅವಳ ಹೆಸರು ಬರೆದುಕೊಳ್ಳುವಾಗ ಚಾಚಿ ಮೆಲ್ಲಗೆ ಹಿಂದಿನಿಂದ ಹಾದು ಮೆಟ್ಟಿಲಿಳಿದು ಹೋದಳು. ಮಾತು ಇನ್ನೂ ಮುಗಿದಿರಲಿಲ್ಲ. ಮುಂದಿನ ಭಾನುವಾರದ ಮುಂಡಗೋಡ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ, ಸ್ಟ್ಯಾಂಡಿಗೆ ಕರೆಯಲು ಯಾರು ಬರುತ್ತಾರೆ ಎಂದು ಫೋನಿನಲ್ಲಿ ಕೇಳುತ್ತ, ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಡುತ್ತ ಇಳಿದಳು.